ಬಿರುಗಾಳಿ ದಿನದ ಹಿಟ್ಟು

ಬಿರುಗಾಳಿ ಬರುತ್ತದೆ ಅಂದರೆ ಬೇರೆ ಕಡೆ ಜನ ಹೆದರುತ್ತಾರಂತೆ. ನಮ್ಮ ಬೀದಿಯವರಿಗೆ ಮೊದಲು ಬರುವುದು ಹುರುಪು. ಹೆದರಿಕೆ ಆಮೇಲೆ, ಅದೂ ಪುರುಸೊತ್ತಾದರೆ. ಅವತ್ತು ಬೆಳಿಗ್ಗೆ ಮೈಕು ಕಟ್ಟಿಕೊಂಡ ಜೀಪೊಂದು ಬಂದು, ಮಧ್ಯಾಹ್ನಕ್ಕೆ ಭಾರೀ ಗಾಳಿ ಮಳೆ ಇದೆ, ಯಾರೂ ಮನೆಯಿಂದ ಹೊರಗೆ ಬರಬಾರದು ಎಂದು ಕೂಗಿಕೊಂಡು ಹೋದದ್ದೇ ತಡ, ಇಡೀ ಬೀದಿ ಹೊರಗೆ ಬಂತು.

ಏಣಿ ಇದ್ದವರು ಏಣಿ ತಂದರು. ಇಲ್ಲದವರು ಕೆಳಗೆ ನಿಂತು, ಏಣಿ ಹತ್ತಿದವರಿಗೆ ಬುದ್ಧಿ ಹೇಳಿದರು. ಮಾತು ಬಿಟ್ಟು ವರ್ಷವಾಗಿದ್ದ ಅಣ್ಣತಮ್ಮಂದಿರಿಬ್ಬರು ಒಂದೇ ಹಲಗೆಯ ಎರಡು ತುದಿ ಹಿಡಿದು ಕಿಟಕಿಗೆ ಮೊಳೆ ಹೊಡೆದರು, ಮಾತಾಡದೆಯೇ, ಬರೀ ಕೆಮ್ಮಿ ಸನ್ನೆ ಮಾಡಿಕೊಂಡು. ಕಟಿಂಗ್ ಅಂಗಡಿಯ ಕತ್ತರಿ ಮಾಮ ತನ್ನ ತಿರುಗುವ ಕುರ್ಚಿಯನ್ನು ಕಂಬಕ್ಕೆ ಬಿಗಿಯುತ್ತಿದ್ದ. ಅವನು ಹಗ್ಗ ಎಳೆದಂತೆಲ್ಲ ಕುರ್ಚಿ ತಿರುಗುತ್ತಿತ್ತು, ಕುರ್ಚಿಯ ಜೊತೆ ಅವನೂ ತಿರುಗುತ್ತಿದ್ದ. ಸ್ವಲ್ಪ ಹೊತ್ತಿಗೆ ಕುರ್ಚಿ, ಕಂಬ, ಮಾಮ ಮೂರೂ ಒಂದೇ ಗಂಟಿನಲ್ಲಿ ಸಿಕ್ಕಿಬಿದ್ದವು. ಬಿಡಿಸಲು ಹೋದ ನಾನು ನಗು ತಡೆಯಲಾರದೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

"ನಗು ಗುಂಡಿಯಕ್ಕ, ನಗು. ನಿನ್ನ ಗುಂಡಿಯೆಲ್ಲ ಹಾರ್ಕೊಂಡು ಹೋಗ್ಲಿ, ಆಗ ನಾನೂ ನಗ್ತೀನಿ," ಎಂದ ಮಾಮ, ಹಗ್ಗದೊಳಗಿಂದ.

ನನ್ನದು ಗುಂಡಿ, ದಾರ, ಸೂಜಿಯ ಅಂಗಡಿ. ಅದಕ್ಕೇ ಎಲ್ಲರ ಬಾಯಲ್ಲಿ ನಾನು ಗುಂಡಿಯಕ್ಕ. ನನ್ನ ನಾಲಿಗೆಗೂ ನಾನು ಮಾರುವ ಸೂಜಿಗೂ ವ್ಯತ್ಯಾಸವಿಲ್ಲ ಎಂದು ಬೀದಿಯಲ್ಲಿ ಮಾತಿದೆ. ವ್ಯತ್ಯಾಸ ಇದೆ, ಸೂಜಿಯನ್ನು ನಾನು ಪುಕ್ಕಟೆ ಕೊಡುವುದಿಲ್ಲ. ಗಂಡ ಲಾರಿ ಓಡಿಸುತ್ತಾನೆ, ಇಲ್ಲಿ ಗಾಳಿಯೆದ್ದ ದಿನ ತಪ್ಪದೆ ಎಲ್ಲೋ ಬಿಸಿಲಿರುವ ಊರಿನಲ್ಲಿ ಇರುತ್ತಾನೆ. ಮನೆಯಲ್ಲಿರುವುದು ನಾನು ಮತ್ತು ನನ್ನ ಅತ್ತೆ. ಎಂಬತ್ತು ಸಮೀಪಿಸಿದರೂ ಅತ್ತೆಗೆ ಯಾವ ಕೆಲಸವೂ ತನ್ನ ಕೈ ಬೀಳದೆ ಸರಿಹೋಗುತ್ತದೆ ಎಂಬ ನಂಬಿಕೆ ಇನ್ನೂ ಬಂದಿಲ್ಲ.

ಕಿಟಕಿ ಬಾಗಿಲು ಭದ್ರ ಮಾಡಿದ ಮೇಲೆ ನಾವೆಲ್ಲ ಹೋಗುವುದು ಬೇಕರಿಗೆ. ಬೀದಿಯಲ್ಲಿ ಅಷ್ಟು ದಪ್ಪ ಗೋಡೆ ಬೇರೆಲ್ಲೂ ಇಲ್ಲ. ಭಟ್ಟಿ ಸೌದೆಯದು, ಕರೆಂಟಿನ ಹಂಗಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಭಟ್ಟಿಯಣ್ಣ ಇದ್ದಾರೆ. ದೊಡ್ಡ ಆಳು, ಸಣ್ಣ ದನಿ. ಅವರಿಗೆ ತಕ್ಕಡಿ ಬೇಡ, ಕೈಯೇ ತಕ್ಕಡಿ. ಹಿಟ್ಟು, ನೀರು, ಉಪ್ಪು, ಈಸ್ಟು ಎಲ್ಲವೂ ಹಿಡಿ, ಚಿಟಿಕೆ, ಲೋಟದ ಲೆಕ್ಕ. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಮಗಳಿಗೆ ಮೂವತ್ತಾಗುತ್ತ ಬಂದರೂ ಹೆಸರು ಪುಟ್ಟಿಯೇ. ಮೂವರೂ ಒಬ್ಬರ ಮನಸ್ಸನ್ನು ಇನ್ನೊಬ್ಬರು ನೋಯಿಸದಂತೆ ಬದುಕುವ ಜನ. ಅಂಥ ಮನೆಯಲ್ಲಿ ಗಲಾಟೆ ಇರುವುದಿಲ್ಲ. ಸುದ್ದಿಯೂ ಇರುವುದಿಲ್ಲ, ಯಾರೂ ಯಾರಿಗೂ ಏನೂ ಹೇಳುವುದಿಲ್ಲವಲ್ಲ.

ಈಗ ಒಂದು ಗುಟ್ಟು. ಕೆಲವು ತಿಂಗಳಿಂದ ಅಣ್ಣನ ಬ್ರೆಡ್ಡು ಉಪ್ಪಾಗುತ್ತಿತ್ತು. ದಿನವೂ ಅಲ್ಲ. ಎರಡು ದಿನ ಚೆನ್ನಾಗಿರುತ್ತಿತ್ತು, ಮೂರನೆಯ ದಿನ ಸಮುದ್ರ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಗಾದೆ, ನಮ್ಮ ಬೀದಿಯಲ್ಲಿ ಅದು ಅಕ್ಷರಶಃ ನಡೆಯುತ್ತಿತ್ತು. ಕತ್ತರಿ ಮಾಮ ಗಿರಾಕಿಯ ಅರ್ಧ ಮೀಸೆ ಬಿಟ್ಟು ಒಳಗೆ ಹೋಗಿ ಚೊಂಬು ಎತ್ತುತ್ತಿದ್ದ. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಸಾಲದ್ದಕ್ಕೆ ಅಣ್ಣ ಅಂಥ ಮನುಷ್ಯ. ಅವರ ಮುಖ ನೋಡಿದರೆ ನನ್ನ ನಾಲಿಗೆಯೇ ಮೊಂಡಾಗುತ್ತಿತ್ತು, ಇನ್ನು ಬೇರೆಯವರ ಪಾಡೇನು.

ಅವತ್ತು ನಾನು ಅತ್ತೆಯನ್ನು ಕರೆದುಕೊಂಡು ಬೇಕರಿಗೆ ಹೋದಾಗ ಅಣ್ಣ ಹಿಂದಿನ ಉಗ್ರಾಣದಿಂದ ಮೈದಾ ಮೂಟೆಗಳನ್ನು ಹೊರಗೆಳೆಯುತ್ತಿದ್ದರು. ಉಗ್ರಾಣದ ನೆಲ ತಗ್ಗು, ಮಳೆ ಬಂದರೆ ಮೊದಲು ನೀರು ನುಗ್ಗುವುದು ಅಲ್ಲಿಗೇ. ನಾನು ಮೂಟೆಯ ಒಂದು ಕಿವಿ ಹಿಡಿದೆ.

"ಇಷ್ಟೂ ಹಿಟ್ಟು ಎಲ್ಲಿಡ್ತೀರಣ್ಣ?"

"ಇಡಲ್ಲಮ್ಮ. ಅಷ್ಟೂ ಕಲಸಿ ಬೇಯಿಸ್ಬಿಡ್ತೀನಿ. ಗಾಳಿ ನಿಂತ್ಮೇಲೆ ಯಾರ ಮನೇಲಿ ಒಲೆ ಹತ್ತುತ್ತೋ ಇಲ್ವೋ, ಬೀದಿಗೆ ಬ್ರೆಡ್ ಆದ್ರೂ ಇರ್ಲಿ." ಮೂಟೆ ಕೆಳಗಿಟ್ಟು ಅವರು ಕೈ ಒರೆಸಿಕೊಂಡರು. "ಹೇಗೂ ಇದೇ ಕೊನೆ. ಟೈರ್ ಅಂಗಡಿ ಮಾಡೋರು ಒಬ್ಬರು ಈ ಜಾಗ ಕೇಳ್ತಿದಾರೆ. ನಾಳೆ ಬರ್ತಾರೆ, ಹೂಂ ಅಂತೀನಿ."

ನಾನೂ ಮೂಟೆಯ ಕಿವಿ ಬಿಟ್ಟೆ.

"ಯಾಕಣ್ಣ?"

"ನೀನೂ ತಿಂದಿದೀಯಲ್ಲ ನನ್ನ ಬ್ರೆಡ್ಡು. ಯಾಕೆ ಅಂತ ಕೇಳ್ತೀಯಾ." ಅವರು ತಮ್ಮ ಅಂಗೈ ನೋಡಿಕೊಂಡರು. "ಉಪ್ಪು ಹಾಕಿದ್ದು ನೆನಪಿರುತ್ತೆ. ಒಂದೇ ಸಲ ಹಾಕಿದೀನಿ ಅಂತ ಆಣೆ ಮಾಡಿ ಹೇಳ್ಬಲ್ಲೆ. ಬಾಯಿಗಿಟ್ರೆ ಎರಡು ಸಲ ಹಾಕಿರ್ತೀನಿ. ನಮ್ಮಪ್ಪಂಗೂ ಹೀಗೇ ಶುರುವಾಗಿದ್ದು. ಮೊದ್ಲು ಉಪ್ಪು, ಆಮೇಲೆ ಮನೆ ದಾರಿ, ಕೊನೇಲಿ ನನ್ನ ಮುಖ. ನಂಗೆ ಹೆದ್ರಿಕೆ ಆಗತ್ತಮ್ಮ. ಭಟ್ಟಿ ಹಚ್ಚಿದ್ದೇ ಮರೆತು ಮಲ್ಕೊಂಡ್ರೆ ಇವರಿಬ್ಬರ ಗತಿ ಏನು? ಅವ್ರಿಗೆ ಹೇಳ್ಬೇಡ. ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ."

ಬಿರುಗಾಳಿಯ ಸಂಭ್ರಮವೆಲ್ಲ ತಣ್ಣಗಾಯಿತು. ನಲವತ್ತು ವರ್ಷ ಬೀದಿಯನ್ನು ಎಬ್ಬಿಸಿದ ವಾಸನೆ ಆ ಭಟ್ಟಿಯದು, ಅದರ ಜಾಗದಲ್ಲಿ ರಬ್ಬರು. ಅದಕ್ಕಿಂತ, ಈ ದೊಡ್ಡ ಮನುಷ್ಯ ತನ್ನ ಕೈಗೇ ಹೆದರಿಕೊಂಡು ನಿಂತಿರುವುದನ್ನು ನನ್ನಿಂದ ನೋಡಲಾಗಲಿಲ್ಲ. ಸುಮ್ಮನೆ ಇನ್ನೊಂದು ಮೂಟೆ ಎಳೆದೆ.

ಮರದ ತೊಟ್ಟಿಗಳನ್ನೆಲ್ಲ ಸಾಲಾಗಿಟ್ಟು ಹಿಟ್ಟು ಸುರಿದರು. ಅಣ್ಣ ಒಂದೊಂದಕ್ಕೂ ಉಪ್ಪು, ಈಸ್ಟಿನ ನೀರು ಹಾಕುತ್ತ ಹೋದರು, ಹಿಂದೆಯೇ ಅತ್ತಿಗೆ, ಪುಟ್ಟಿ ನಾದುತ್ತ ಹೋದರು. ಅಣ್ಣ ಸೌದೆ ತರಲು ಹಿತ್ತಿಲಿಗೆ ಹೋದರು, ಶಟರು ನೋಡಲು ಮುಂದಕ್ಕೆ ಹೋದರು. ಜನ ಒಬ್ಬೊಬ್ಬರಾಗಿ ಬಂದು ಸೇರಿದರು. ಹಾಸಿಗೆ ತಂದವರು, ಹಕ್ಕಿಪಂಜರ ತಂದವರು, ಮಾತು ಬಿಟ್ಟ ಅಣ್ಣತಮ್ಮಂದಿರು. ಕತ್ತರಿ ಮಾಮ ತನ್ನ ಕನ್ನಡಿಯನ್ನು ಕೂಸಿನಂತೆ ಶಾಲು ಹೊದಿಸಿ ಎತ್ತಿಕೊಂಡು ಬಂದ. ಅತ್ತೆಯನ್ನು ತೊಟ್ಟಿಗಳ ಪಕ್ಕ ಖಾಲಿ ಚೀಲಗಳ ಮೇಲೆ ಕೂರಿಸಿದೆ. ತೊಟ್ಟಿಗಳಿಗೆ ಹಲಗೆ ಮುಚ್ಚಿದರು, ಶಟರು ಎಳೆದರು. ಆಗ ಗಾಳಿ ಬಂತು.

ಬಂತು ಅಂದರೆ ಹೇಗೆ ಬಂತು. ಮೊದಲು ಒಂದು ಸಿಳ್ಳೆ. ಆಮೇಲೆ ಯಾರದೋ ತಗಡು ಕಿತ್ತು ಬೀದಿಯುದ್ದಕ್ಕೂ ಚಪ್ಪಾಳೆ ತಟ್ಟುತ್ತ ಹೋಯಿತು. ಅದರ ಹಿಂದೆ ಗಡಗಡ ಎಂದು ನೀರಿನ ಟ್ಯಾಂಕೊಂದು ಉರುಳಿಕೊಂಡು ಬಂದು, ಸಿಕ್ಕ ಸಿಕ್ಕ ಬಾಗಿಲಿಗೆ ಗುದ್ದಿಕೊಂಡು ಮುಂದೆ ಸಾಗಿತು. "ಅದು ನಮ್ದು," ಎಂದ ಅಣ್ಣತಮ್ಮಂದಿರಲ್ಲಿ ಅಣ್ಣ. "ನಮ್ದು," ಎಂದ ತಮ್ಮ. ವರ್ಷದ ಮೇಲೆ ಅವರಾಡಿದ ಮೊದಲ ಮಾತು ಅದೇ, ಅದೂ ಜಗಳ. ಶಟರು ಉಸಿರಾಡುವ ಹೊಟ್ಟೆಯ ಹಾಗೆ ಒಳಗೆ ಹೊರಗೆ ಆಡತೊಡಗಿತು. ಅದರ ಕೆಳಅಂಚು ಗೇಣುದ್ದ ಮೇಲೆದ್ದು ನೀರು ನುಗ್ಗಿತು. ದಪ್ಪಗಿರುವವರನ್ನೆಲ್ಲ ಕರೆದು ಅಂಚಿನ ಮೇಲೆ ಸಾಲಾಗಿ ಕೂರಿಸಿದೆವು. ನಾನು ಕರೆಯದೆಯೇ ಹೋಗಿ ಕುಳಿತೆ. ನನ್ನ ಜೀವಮಾನದಲ್ಲಿ ನನ್ನ ತೂಕಕ್ಕೆ ಮರ್ಯಾದೆ ಸಿಕ್ಕಿದ್ದು ಅವತ್ತೇ.

ಹೀಗೆ ಕುಳಿತಿದ್ದಾಗ ಪುಟ್ಟಿ ಸಣ್ಣಗೆ, "ಅಮ್ಮಾ," ಎಂದಳು.

ತೊಟ್ಟಿಯೊಂದರ ಹಲಗೆ ತಾನಾಗಿ ಮೇಲೇಳುತ್ತಿತ್ತು. ಅದರಡಿಯಿಂದ ಬಿಳಿ ಹಿಟ್ಟು ಇಣುಕಿ, ಅಂಚು ದಾಟಿ, ನಿಧಾನವಾಗಿ ಇಳಿದು ಅತ್ತೆಯ ತೊಡೆಯ ಮೇಲೆ ಕುಳಿತಿತು. ನೋಡನೋಡುತ್ತ ಎರಡನೆಯ ಹಲಗೆ, ಮೂರನೆಯದು. ಇಷ್ಟು ಬೇಗ ಹಿಟ್ಟು ಉಬ್ಬಿದ್ದನ್ನು ಆ ಬೇಕರಿಯಲ್ಲಿ ಯಾರೂ ಕಂಡಿರಲಿಲ್ಲ. ಭಟ್ಟಿ ಉರಿಯುತ್ತಿದೆ, ಬಾಗಿಲು ಮುಚ್ಚಿದೆ, ಬೀದಿಯ ಜನವೆಲ್ಲ ಒಳಗೆ ಉಸಿರಾಡುತ್ತಿದ್ದಾರೆ, ಹಿಟ್ಟಿಗೆ ಇನ್ನೇನು ಬೇಕು. ಆದರೂ ಇದು ಅತಿಯಾಯಿತು.

"ಪಾತ್ರೆ ತನ್ನಿ," ಎಂದು ಅತ್ತಿಗೆ ಕೂಗಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲಿನದನ್ನು ಹೇಗೆ ಹೇಳಲಿ. ಬಕೆಟ್ಟಿಗೆ ತುಂಬಿದೆವು, ಕೊಡಕ್ಕೆ ತುಂಬಿದೆವು. ಯಾರದೋ ಹೊಸ ಹೆಲ್ಮೆಟ್ಟಿಗೆ ತುಂಬಿದೆವು, ಯಾರದೋ ಟೋಪಿಗೆ ತುಂಬಿದೆವು. ಅಚ್ಚುಗಳು ಮುಗಿದ ಮೇಲೆ ಸಿಕ್ಕ ಆಕಾರದಲ್ಲಿ ಭಟ್ಟಿಗೆ ನೂಕಿದೆವು. ಅಲ್ಲಿಂದ ಬಂದವನ್ನು ಬ್ರೆಡ್ಡು ಎನ್ನಬೇಕೋ ಪೀಠೋಪಕರಣ ಎನ್ನಬೇಕೋ ತಿಳಿಯಲಿಲ್ಲ. ಶಟರು ಬಿಟ್ಟು ಏಳುವ ಹಾಗಿಲ್ಲದ ನಾವು ಕುಳಿತಲ್ಲೇ ಮಡಿಲಿನಲ್ಲಿ ಹಿಟ್ಟು ಗುದ್ದಿದೆವು. ಒಂದು ಕಡೆ ಗುದ್ದಿದರೆ ಇನ್ನೊಂದು ಕಡೆ ಏಳುತ್ತಿತ್ತು. ಹೊರಗೆ ಗಾಳಿ ಬೆನ್ನಿಗೆ ಗುದ್ದುತ್ತಿತ್ತು, ಒಳಗೆ ನಾವು ಹಿಟ್ಟಿಗೆ. ಕತ್ತರಿ ಮಾಮ ಹಿಟ್ಟು ಹಿಡಿಯಲು ಹೋಗಿ ಮೊಣಕೈವರೆಗೆ ಅಂಟಿಸಿಕೊಂಡು, ಅದನ್ನು ತೆಗೆಯಲು ತಲೆ ಸವರಿಕೊಂಡು, ಈಗ ತಲೆಗೂ ಅಂಟಿಸಿಕೊಂಡು ನಿಂತಿದ್ದ. "ಮಾಮ, ಇನ್ನು ನಿಂಗೆ ನೀನೇ ಕಟಿಂಗ್ ಮಾಡ್ಕೋಬೇಕು," ಎಂದೆ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಹೆದರಿಕೆ ಎಷ್ಟಿತ್ತೋ ನಗುವೂ ಅಷ್ಟೇ ಜೋರಾಗಿತ್ತು, ಒಂದನ್ನು ನಿಲ್ಲಿಸಿದರೆ ಇನ್ನೊಂದು ಶುರುವಾಗುತ್ತಿತ್ತು.

ಆ ಗದ್ದಲದಲ್ಲಿ ಭಟ್ಟಿಯಣ್ಣ ನಗುತ್ತಿಲ್ಲ ಎಂಬುದನ್ನು ಮೊದಲು ನೋಡಿದವಳು ನಾನು. ಅವರು ಮಣೆಯೊಂದರ ಮೇಲೆ ಕುಳಿತಿದ್ದರು. ಕೈಗಳನ್ನು ಮಂಡಿಯ ಮೇಲೆ ಅಂಗಾತ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದರು.

"ರೀ, ಏನಾಯ್ತು?" ಎಂದರು ಅತ್ತಿಗೆ.

"ಇದು ಒಂದು ಅಳತೆ ಈಸ್ಟಿನ ಉಬ್ಬಲ್ಲ," ಎಂದರು ಅಣ್ಣ. "ಎರಡೂ ಅಲ್ಲ. ಮೂರೋ ನಾಲ್ಕೋ ಸಲ ಹಾಕಿದೀನಿ. ಒಂದು ಸಲ ಹಾಕಿದ್ದು ಮಾತ್ರ ನೆನಪಿದೆ. ಉಳಿದದ್ದು ನನಗೆ ಗೊತ್ತೇ ಇಲ್ಲ." ಅವರು ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡರು. "ನಿಮ್ಗೆ ಹೇಳ್ಬಾರ್ದು ಅಂತಿದ್ದೆ. ನಾನು ಅಪ್ಪನ ದಾರಿ ಹಿಡಿದಿದೀನಿ. ನಾಳೆ ಟೈರಿನವರಿಗೆ ಹೂಂ ಅಂತೀನಿ."

ನಗು ನಿಂತಿತು. ಅತ್ತಿಗೆ ಹಿಟ್ಟಿನ ಕೈಗಳನ್ನು ಸೆರಗಿನಲ್ಲಿ ಹಿಂಡಿಕೊಂಡರು. ನೆಲ ನೋಡಿದರು, ಸೂರು ನೋಡಿದರು.

"ಒಂದು ಸಲ ನಾನು ಹಾಕ್ದೆ," ಎಂದರು.

"ಏನು?"

"ಈಸ್ಟು. ನೀವು ಸೌದೆ ತರಕ್ಕೆ ಹೋದಾಗ. ನಿಮ್ಮ ಮುಖ ಬೆಳಿಗ್ಗೆಯಿಂದ ಸಪ್ಪಗಿತ್ತು. ಮರ್ತಿರ್ತೀರೇನೋ ಅಂತ ಎಲ್ಲ ತೊಟ್ಟಿಗೂ ಇನ್ನೊಂದು ಲೋಟ ಹಾಕಿ ನಾದ್ಬಿಟ್ಟೆ."

ಪುಟ್ಟಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಬೆರಳ ಸಂದಿಯಿಂದ, "ಅಮ್ಮ, ನಾನೂ ಹಾಕ್ದೆ. ಅಪ್ಪ ಶಟರ್ ಹತ್ರ ಹೋದಾಗ," ಎಂದಳು.

ಅಣ್ಣ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು. ಆಗ ಮೂಲೆಯಿಂದ ನನ್ನ ಅತ್ತೆ ಗಂಟಲು ಸರಿಮಾಡಿಕೊಂಡರು.

"ನಾನೂ ಒಂಚೂರು ಉದುರಿಸ್ದೆ," ಎಂದರು. "ಡಬ್ಬ ಇಲ್ಲೇ ಪಕ್ಕದಲ್ಲಿತ್ತು. ಯಾರೂ ಹಾಕಿದ ಹಾಗೆ ಕಾಣ್ಲಿಲ್ಲ. ನಂಗೆ ಕಣ್ಣು ಸರಿಯಾಗಿ ಕಾಣಲ್ಲ, ಅದು ಬೇರೆ ವಿಷಯ."

ಕತ್ತರಿ ಮಾಮ ಗೋಡೆ ಕಡೆ ತಿರುಗಿ ನಿಂತ. ಅವನ ಬೆನ್ನು ಕುಲುಕುತ್ತಿತ್ತು. ಆದರೆ ಅಣ್ಣ ಇನ್ನೂ ಲೆಕ್ಕ ಹಾಕುತ್ತಿದ್ದರು. ಅವರ ಮುಖದಲ್ಲಿ ಏನೋ ನಿಧಾನವಾಗಿ ಮೇಲೆ ಬರುತ್ತಿತ್ತು.

"ಹಾಗಾದ್ರೆ ಉಪ್ಪು?" ಎಂದರು.

ತಾಯಿ ಮಗಳು ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೀನೂನಾ?" ಎಂದರು ಅತ್ತಿಗೆ.

"ನೀನೂನಾ?" ಎಂದಳು ಪುಟ್ಟಿ.

ಹೊರಬಂದದ್ದು ಇಷ್ಟು. ಬೇಸಿಗೆಯಲ್ಲಿ ಒಂದು ದಿನ ಅಣ್ಣ ನಿಜಕ್ಕೂ ಉಪ್ಪು ಮರೆತಿದ್ದರು, ಮೈಯಲ್ಲಿ ಜ್ವರವಿತ್ತು. ಅಂದಿನಿಂದ ಅತ್ತಿಗೆ, ಗಂಡನ ಮುಖ ಸಪ್ಪಗಿರುವ ದಿನ, ಅವರು ಭಟ್ಟಿ ಕಡೆ ತಿರುಗಿದಾಗ ಒಂದು ಹಿಡಿ ಉಪ್ಪು ಹಾಕುತ್ತಿದ್ದರು. ಪುಟ್ಟಿಯೂ ಅದೇ ದಿನ, ಅದೇ ಮುಖ ನೋಡಿ, ಅಮ್ಮನಿಗೂ ಹೇಳದೆ ಒಂದು ಹಿಡಿ. ಬ್ರೆಡ್ಡು ಉಪ್ಪಾದಷ್ಟೂ ಅಣ್ಣನ ಮುಖ ಸಪ್ಪಗಾಗುತ್ತಿತ್ತು. ಮುಖ ಸಪ್ಪಗಾದಷ್ಟೂ ಇವರಿಬ್ಬರ ಉಪ್ಪು ಹೆಚ್ಚುತ್ತಿತ್ತು.

"ಉಪ್ಪಾಗಿದ್ದು ಗೊತ್ತಾಗ್ತಿರ್ಲಿಲ್ವಾ?" ಎಂದು ಕೇಳದೆ ಇರಲು ನನ್ನಿಂದ ಆಗಲಿಲ್ಲ.

"ಗೊತ್ತಾಗ್ತಿತ್ತು," ಎಂದರು ಅತ್ತಿಗೆ. "ಇವತ್ತು ಇವ್ರು ಎರಡು ಸಲ ಹಾಕಿದಾರೆ, ನಾಳೆ ಹಾಕೋದೇ ಮರೀತಾರೆ ಅಂದ್ಕೊಳ್ತಿದ್ದೆ. ಉಪ್ಪು ಜಾಸ್ತಿಯಾದ್ರೆ ಜನ ನೀರು ಕುಡೀತಾರೆ, ಉಪ್ಪೇ ಇಲ್ದಿದ್ರೆ ಬ್ರೆಡ್ಡನ್ನೇ ಎಸೀತಾರಲ್ಲ. ಕೇಳಿದ್ರೆ ಇವರ ಮನಸ್ಸಿಗೆ ನೋವಾಗತ್ತೆ ಅಂತ ಕೇಳ್ಲಿಲ್ಲ."

ಅಣ್ಣ ಎದ್ದು ನಿಂತರು. "ಹಾಗಾದ್ರೆ ಇಷ್ಟು ತಿಂಗಳಲ್ಲಿ ನಾನು ಮರೆತಿದ್ದು ಎಷ್ಟು ಸಲ?"

"ಒಂದೇ ಸಲ," ಎಂದಳು ಪುಟ್ಟಿ. ಹಾಗೆಂದವಳೇ ಅತ್ತುಬಿಟ್ಟಳು.

ಅಣ್ಣ ನಕ್ಕರೋ ಅತ್ತರೋ ಹೇಳಲಾರೆ, ಎರಡಕ್ಕೂ ಅವರು ಒಂದೇ ಮುಖ ಮಾಡುತ್ತಾರೆ. ಆದರೆ ಎಲ್ಲರನ್ನೂ ಗೋಡೆಯ ಕಡೆ ಸರಿಸಿದರು, ಹೆಂಡತಿ ಮಗಳನ್ನು ಶಟರಿನ ಮೇಲೆ ನನ್ನ ಪಕ್ಕ ಕೂರಿಸಿದರು. ನಾದುವ ಮಣೆಗೆ ಉದುರಿಸಲು ಇಟ್ಟುಕೊಂಡಿದ್ದ ಒಂದು ಡಬ್ಬ ಹಿಟ್ಟು ಉಳಿದಿತ್ತು. ಅದನ್ನು ಬೋಗುಣಿಗೆ ಸುರಿದು ಒಬ್ಬರೇ ಕಲಸಿದರು. ಉಪ್ಪು ಹಾಕುವಾಗ ಕೈ ಮೇಲೆತ್ತಿ ಎಲ್ಲರಿಗೂ ತೋರಿಸಿದರು. ಹಿಟ್ಟು ಉಬ್ಬುವವರೆಗೆ ಬೋಗುಣಿಗೆ ಕಾವಲು ಬೇಕೆಂದು ಕತ್ತರಿ ಮಾಮ ಬಾಚಣಿಗೆ ಹಿಡಿದು ನಿಂತ. ನನ್ನ ಅತ್ತೆ ಒಂದು ಸಲ ಕಾಲು ಚಾಚಿದ್ದಕ್ಕೇ, "ಅಜ್ಜಿ, ಕೈ ಮೇಲೆತ್ತಿ," ಎಂದ. ಅತ್ತೆ ಎರಡೂ ಕೈ ಎತ್ತಿದರು. ಗಾಳಿ ಬಡಿಯುತ್ತಲೇ ಇತ್ತು, ಯಾರೂ ಅದರ ಕಡೆ ಗಮನ ಕೊಡಲಿಲ್ಲ. ಅಷ್ಟು ದೊಡ್ಡ ಬಿರುಗಾಳಿಗೆ ಇದಕ್ಕಿಂತ ಅವಮಾನ ಬೇರೆ ಆಗಿರಲಾರದು.

ಬ್ರೆಡ್ಡು ಹೊರಗೆ ಬಂದಾಗ ಹೊರಗಿನ ಸದ್ದು ಕಡಿಮೆಯಾಗಿತ್ತು. ಅಣ್ಣ ಬಿಸಿಬಿಸಿಯಾಗಿಯೇ ಮುರಿದು ನನ್ನ ಮುಂದೆ ಹಿಡಿದರು.

"ನೀನು ತಿಂದು ಹೇಳಮ್ಮ. ಈ ಬೀದಿಯೋರೆಲ್ಲ ತುಂಬಾ ಒಳ್ಳೆಯೋರು, ಅವರ ಮಾತಲ್ಲಿ ನಂಗೆ ನಂಬಿಕೆ ಇಲ್ಲ."

ಅದು ಹೊಗಳಿಕೆ ಎಂದೇ ತೆಗೆದುಕೊಂಡೆ. ಬಾಯಿ ಸುಟ್ಟಿತು. ಆಮೇಲೆ ಹಿಟ್ಟಿನ ಸಿಹಿ, ಸೌದೆಯ ಘಮ, ಅದರ ಹಿಂದೆ ಉಪ್ಪು, ಎಷ್ಟು ಬೇಕೋ ಅಷ್ಟು. ಬೀದಿಯೆಲ್ಲ ನನ್ನ ಬಾಯಿಯನ್ನೇ ನೋಡುತ್ತಿತ್ತು.

"ಸರಿಯಾಗಿದೆ ಅಣ್ಣ," ಎಂದೆ. "ಸರಿಯಾಗೇ ಇದೆ."

ಅಣ್ಣ ಉಳಿದ ಚೂರನ್ನು ಕಣ್ಣು ಮುಚ್ಚಿ ಅಗಿದರು. ತುಂಬ ಹೊತ್ತು ಅಗಿದರು. ಆಮೇಲೆ ಶಟರಿನ ಬಳಿ ಬಂದು ಹೆಂಡತಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತರು.

"ಟೈರಿನವರನ್ನ ವಾಪಸ್ ಕಳಿಸ್ತೀನಿ. ಆದ್ರೆ ಒಂದು ಮಾತು. ಇನ್ಮೇಲೆ ನಾನು ಏನಾದ್ರೂ ಮರ್ತ್ರೆ ಬಾಯಿಬಿಟ್ಟು ಹೇಳ್ಬೇಕು. ಹಿಂದಿನಿಂದ ಸರಿ ಮಾಡ್ಬಾರ್ದು. ವಯಸ್ಸಾಗ್ತಿದೆ, ಒಂದಿನ ನಿಜವಾಗ್ಲೂ ಮರೀತೀನಿ. ಆಗಲೂ ಹೇಳ್ಬೇಕು."

"ಬೇಜಾರು ಮಾಡ್ಕೊಳ್ಳಲ್ವಾ?" ಎಂದರು ಅತ್ತಿಗೆ.

"ಮಾಡ್ಕೋತೀನಿ. ಆದ್ರೂ ಹೇಳು."

ಅತ್ತಿಗೆ ಅವರನ್ನೇ ನೋಡಿದರು. ಮದುವೆಯಾದಾಗಿನಿಂದ ನುಂಗಿಕೊಂಡದ್ದೆಲ್ಲ ಒಂದು ಕ್ಷಣ ಅವರ ಗಂಟಲಿಗೆ ಬಂದು ನಿಂತ ಹಾಗಿತ್ತು. ಎರಡು ಸಲ ಬಾಯಿ ತೆರೆದು ಮುಚ್ಚಿದರು. ಮೂರನೆಯ ಸಲ ಮಾತು ಹೊರಟಿತು.

"ಹಾಗಾದ್ರೆ ಹೇಳ್ತೀನಿ ಕೇಳಿ. ಭಟ್ಟಿಯೊಳಗೆ ಕೊನೇ ತಟ್ಟೆ ಹಾಗೇ ಬಿಟ್ಟಿದೀರಿ. ಸೀದು ಹೋಗ್ತಿದೆ."

ಅಣ್ಣ ಮೂಗೆತ್ತಿ ವಾಸನೆ ನೋಡಿದರು. ಎದ್ದು ಓಡಿದರು, ಜಾರಿದರು, ಮತ್ತೆ ಓಡಿದರು. ಅವರ ನಗು ಬೀದಿಗೆಲ್ಲ ಕೇಳಿಸುತ್ತಿತ್ತು.